ಗಂಟೆಗೆ ಎಷ್ಟು?

ಪೋರೂರಿನ ನಮ್ಮಂಥವರ ಅಪಾರ್ಟ್‌ಮೆಂಟುಗಳಲ್ಲಿ ಡುರಾಂಟಾ, ದಾಸವಾಳದ ಬೇಲಿ ಸವರಲು ತೋಟಗಾರರನ್ನು ಕರೆದರೆ ಮೊದಲು ಕೇಳುವುದು, ‘ಎಷ್ಟು ಹೊತ್ತಿನ ಕೆಲಸ?’ ಎರಡು ಗಂಟೆ ಎಂದರೆ, ‘ಅಷ್ಟಕ್ಕೆ ಇಷ್ಟು ದುಡ್ಡೇ?’ ಅದೇ ನಾವು ಕ್ಲೈಂಟಿಗೆ ಬಿಲ್ ಮಾಡುವಾಗ ಗಂಟೆಯ ದರದೊಳಗೆ ನಮ್ಮ ವರ್ಷಗಳ ಅನುಭವವನ್ನೂ ಸೇರಿಸುತ್ತೇವೆ. ಅವರ ಅನುಭವ ಮಾತ್ರ ಏಕೆ ಲೆಕ್ಕಕ್ಕಿಲ್ಲ?

ಬೇಲಿ ಸವರುವುದು ಬರೀ ತೋಳ್ಬಲವಲ್ಲ. ಬುಡ ಅಗಲವಾಗಿ, ತುದಿ ಕಿರಿದಾಗಿ ಇರಬೇಕು; ಇಲ್ಲದಿದ್ದರೆ ಕೆಳಗಿನ ಎಲೆಗಳಿಗೆ ಬಿಸಿಲು ತಲುಪದೆ ಬುಡ ಬೋಳಾಗುತ್ತದೆ. ಪಿಕಳಾರ ಗೂಡು ಕಟ್ಟಿದ್ದರೆ ಆ ಜಾಗವನ್ನು ಬಿಡಬೇಕು. ಹಾಗೆ ಬಿಟ್ಟದ್ದು ನಮ್ಮ ಕಣ್ಣಿಗೆ ಅರ್ಧ ಕೆಲಸ. ಎಲ್ಲಿ ಕತ್ತರಿ ಆಡಿಸಬಾರದು ಎಂದು ತಿಳಿದಿರುವುದೂ ಅವರ ವಿದ್ಯೆಯೇ.

ಇಬ್ಬರೂ ಒಪ್ಪಿದ ದರ ನ್ಯಾಯವೇ ಅಲ್ಲವೇ ಎನ್ನಬಹುದು. ಆದರೆ ಒಪ್ಪಿಗೆ ನ್ಯಾಯವಾಗಲು ‘ಬೇಡ’ ಎನ್ನುವ ಶಕ್ತಿ ಇಬ್ಬರಿಗೂ ಇರಬೇಕು. ನಮ್ಮ ಬೇಲಿ ಇನ್ನೊಂದು ವಾರ ಕಾಯಬಲ್ಲದು. ಅವರ ಮನೆಯ ಅಡುಗೆ ಕಾಯಲಾರದು. 1948ರ ಕನಿಷ್ಠ ವೇತನ ಕಾಯ್ದೆ ಕೂಲಿ ಇದಕ್ಕಿಂತ ಕೆಳಗಿಳಿಯಬಾರದು ಎಂಬ ಗೆರೆ ಎಳೆಯಿತು; ನಾವು ಆ ಗೆರೆಯನ್ನೇ ನ್ಯಾಯದ ದರ ಎಂದುಕೊಂಡೆವು.

ದರ ಕೇಳುವುದು ತಪ್ಪಲ್ಲ. ಅರ್ಧಂಬರ್ಧ ತಮಿಳಿನಲ್ಲಿ ಚೌಕಾಸಿ ಕಲಿತವರು, ‘ಇಷ್ಟನ್ನು ಏಕೆ ಬಿಟ್ಟಿರಿ ಅಣ್ಣಾ?’ ಎಂದು ಕೇಳುವುದನ್ನೂ ಕಲಿಯಬೇಕು.