ಇನ್ನೊಂದು ವರ್ಷ ಕೇಳಿದ ತೋಟಗಾರ

 ದೇವರಿಗೆ ಸ್ತೋತ್ರವಾಗಲಿ. ಈ ವಾರವೆಲ್ಲ ನಮ್ಮನ್ನು ಕಾಪಾಡಿ, ಮತ್ತೆ ಆತನ ಸನ್ನಿಧಿಗೆ ಕರೆತಂದ ದೇವರಿಗೆ ಎಲ್ಲರೂ ಕೈಯೆತ್ತಿ ಒಂದ್ಸಾರಿ ಹಾಲೆಲೂಯಾ ಹೇಳೋಣ. ಹಾಲೆಲೂಯಾ!

ಸತ್ಯವೇದ ಇರುವವರು ಲೂಕನ ಸುವಾರ್ತೆ 13ನೇ ಅಧ್ಯಾಯ ತೆರೆಯಿರಿ. 6ರಿಂದ 9ನೇ ವಚನಗಳು. ಓದಿದ್ರಾ? ಯೇಸುಸ್ವಾಮಿ ಹೇಳಿದ ಚಿಕ್ಕ ಸಾಮ್ಯ ಇದು, ನಾಲ್ಕೇ ವಚನ. ಒಬ್ಬ ಯಜಮಾನ ತನ್ನ ದ್ರಾಕ್ಷಿ ತೋಟದಲ್ಲಿ ಒಂದು ಅಂಜೂರದ ಗಿಡ ಹಾಕಿಸಿದ್ದ. ಮೂರು ವರ್ಷದಿಂದ ಬಂದು ಬಂದು ನೋಡ್ತಾನೆ, ಒಂದು ಹಣ್ಣೂ ಇಲ್ಲ. ತೋಟಗಾರನನ್ನು ಕರೆದು, ಇದನ್ನ ಕಡಿದು ಹಾಕು, ಜಾಗ ದಂಡ ಅಂತಾನೆ. ಅದಕ್ಕೆ ತೋಟಗಾರ ಒಂದು ವರ್ಷದ ಗಡುವು ಕೇಳ್ತಾನೆ. ಕೇಳಿ ಸುಮ್ಮನಾಗಲ್ಲ. ನಾನೇ ಇದರ ಸುತ್ತ ಅಗೀತೀನಿ, ಗೊಬ್ಬರ ಹಾಕ್ತೀನಿ, ಆಮೇಲೂ ಫಲ ಬರದಿದ್ರೆ ಕಡಿಸು ಅಂತಾನೆ. ಅಷ್ಟೇ. ಆ ಮರ ಮುಂದಿನ ವರ್ಷ ಹಣ್ಣು ಬಿಡ್ತೋ ಇಲ್ವೋ ಅಂತ ಯೇಸು ಹೇಳಲೇ ಇಲ್ಲ.

ಈ ವಾಕ್ಯವನ್ನ ಇವತ್ತು ಯಾಕೆ ತಗೊಂಡೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ನಾಲ್ಕು ಶನಿವಾರದಿಂದ ನಮ್ಮ ಸಭೆಯ ಸ್ವಯಂಸೇವಕರು, ಅಕ್ಕಪಕ್ಕದ ಮನೆಯವರು, ಎಲ್ಲರೂ ಸೇರಿ ಆರಾಧನಾ ಮಂದಿರದ ಪಕ್ಕದ ಖಾಲಿ ಜಾಗವನ್ನ ತರಕಾರಿ ತೋಟಕ್ಕೆ ಸಿದ್ಧ ಮಾಡ್ತಿದ್ದಾರೆ. ಜಾಗದ ಮಾಲೀಕರು ಈ ಮಳೆಗಾಲಕ್ಕೆ ಬಳಸಿಕೊಳ್ಳಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ. ಒಂದೇ ವರ್ಷ. ಚೆನ್ನಾಗಿ ಇಟ್ಕೊಂಡ್ರೆ ಮುಂದಿನ ವರ್ಷ ನೋಡೋಣ ಅಂದಿದ್ದಾರೆ. ಲೂಕ 13 ನಮ್ಮ ಕಾಂಪೌಂಡ್ ಪಕ್ಕದಲ್ಲೇ ನಡೀತಾ ಇದೆ, ಪ್ರಿಯರೇ!

ಇದರ ಬಗ್ಗೆ ಒಂದು ಪ್ರಶ್ನೆಯೂ ಬಂದಿದೆ. ನಮ್ಮ ಹಿರಿಯ ಸಹೋದರರೊಬ್ಬರು ಪ್ರೀತಿಯಿಂದಲೇ ಕೇಳಿದ್ರು: "ಪಾಸ್ಟರ್, ಕರ್ತನ ಬರೋಣ ಹತ್ತಿರ ಇದೆ. ಶನಿವಾರ ಉಪವಾಸ ಪ್ರಾರ್ಥನೆಗೆ ಕೂರಬೇಕಾದ ಹುಡುಗರು ಗುದ್ದಲಿ ಹಿಡ್ಕೊಂಡು ಬದನೆಕಾಯಿ ಬೆಳೆಸೋದಾ?" ಒಳ್ಳೆಯ ಪ್ರಶ್ನೆ. ಉತ್ತರ ವಾಕ್ಯದಿಂದಲೇ ಹೇಳ್ತೀನಿ. ಯೆರೆಮೀಯ 29ನೇ ಅಧ್ಯಾಯ ನೋಡಿ. ಬಾಬೆಲಿಗೆ ಸೆರೆಯಾಗಿ ಹೋದ ಜನ, ಇವತ್ತೋ ನಾಳೆಯೋ ಬಿಡುಗಡೆ ಅಂತ ಗಂಟುಮೂಟೆ ಕಟ್ಕೊಂಡು ಕೂತಿದ್ರು. ಅವರಿಗೆ ದೇವರು ಬರೆಸಿದ ಪತ್ರದಲ್ಲಿ ಏನಿದೆ? ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ನನ್ನನ್ನ ಬೇಡಿ. ತೋಟವೂ ಪ್ರಾರ್ಥನೆಯೂ ಒಂದೇ ಪತ್ರದಲ್ಲಿ ಇವೆ. ಬರೋಣಕ್ಕೆ ಕಾಯೋ ಮನುಷ್ಯ ಬೀಜ ಬಿತ್ತಬಾರದು ಅಂತ ಸತ್ಯವೇದದಲ್ಲಿ ಎಲ್ಲೂ ಇಲ್ಲ.

ಸೇವಕರ ಚರಿತ್ರೆಯನ್ನೂ ನೋಡಿ. ವಿಲಿಯಂ ಕೇರಿ ಅವರ ಹೆಸರು ನಿಮಗೆಲ್ಲ ಗೊತ್ತು. 1817ರಲ್ಲಿ ಸೆರಾಂಪುರದಲ್ಲಿ ನಮ್ಮ ಕನ್ನಡ ಭಾಷೆಗೂ ಒಂದು ವ್ಯಾಕರಣ ಅಚ್ಚು ಹಾಕಿಸಿದವರು. ಅದೇ ಕೇರಿ 1820ರಲ್ಲಿ ಕೋಲ್ಕತ್ತದಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘವನ್ನೂ ಶುರು ಮಾಡಿದ್ರು. ಒಂದು ಕೈಯಲ್ಲಿ ಸತ್ಯವೇದದ ಭಾಷಾಂತರ, ಇನ್ನೊಂದು ಕೈಯಲ್ಲಿ ಗಿಡ. ಅವರ ಸೇವೆ ಅದರಿಂದ ಕಡಿಮೆ ಆಯ್ತಾ? ಇಲ್ಲ.

ಈಗ ತೋಟಗಾರನ ಹತ್ತಿರ ಬರೋಣ. ಮೂರು ವಿಷಯ ಹೇಳ್ತೀನಿ.

ಮೊದಲನೆಯದು: ಆ ತೋಟಗಾರ ಬರೀ ಬೇಡಿಕೊಳ್ಳಲಿಲ್ಲ, ಕೆಲಸ ಒಪ್ಪಿಕೊಂಡ.

ಯಜಮಾನನ ಮುಂದೆ ಅವನು ಮಾಡಿದ್ದು ವಿಜ್ಞಾಪನೆ. ಒಂದು ವರ್ಷ ಬಿಟ್ಟುಬಿಡಿ ಅಂತ ಮರದ ಪರವಾಗಿ ನಿಂತ. ನಾವೂ ಹಾಗೇ ಪ್ರಾರ್ಥನೆ ಮಾಡ್ತೀವಿ ಅಲ್ವಾ? ಕರ್ತನೇ, ನನ್ನ ಗಂಡನನ್ನ ಮುಟ್ಟು. ಕರ್ತನೇ, ನನ್ನ ಮಗಳನ್ನ ತಿರುಗಿಸು. ಕಣ್ಣೀರಿಟ್ಟು ಬೇಡ್ತೀವಿ. ಸಂತೋಷ. ಆದರೆ ತೋಟಗಾರನ ಮಾತಿನಲ್ಲಿ ಎರಡನೇ ಅರ್ಧ ಇದೆ. "ಬಿಡು" ಅಂದವನೇ "ಅಗೀತೀನಿ" ಅಂದ. ಅವನ ಪ್ರಾರ್ಥನೆಯ ಜೊತೆ ಒಂದು ಗುದ್ದಲಿ ಇತ್ತು. ಯಾರಿಗಾಗಿ ಇನ್ನೊಂದು ವರ್ಷ ಕೇಳ್ತೀರೋ ಅವರಿಗಾಗಿ ಆ ವರ್ಷದಲ್ಲಿ ನೀವೇನು ಮಾಡ್ತೀರಿ?

ನಾಲ್ಕು ಶನಿವಾರದಲ್ಲಿ ನಾವು ಒಂದು ಬೀಜವನ್ನೂ ಬಿತ್ತಿಲ್ಲ. ಬರೀ ಸಿದ್ಧತೆ. ಮೊದಲ ದಿನ ಒಡೆದ ಇಟ್ಟಿಗೆ, ಸಿಮೆಂಟ್ ಗಟ್ಟಿ, ಬಾಟಲಿ ಚೂರು, ಹೆಂಡದ ಪೊಟ್ಟಣ, ಪ್ಲಾಸ್ಟಿಕ್ ಕವರ್ ಆಯ್ದಿದ್ದೇ ಆಯ್ದಿದ್ದು. ನಮ್ಮ ಮೈಸೂರಿಗೆ 2015ರಲ್ಲೂ 2016ರಲ್ಲೂ ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂತು. ಬೆಳಿಗ್ಗೆ ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರ ಬೆವರು ಅದು, ಅವರಿಗಾಗಿ ದೇವರಿಗೆ ಸ್ತೋತ್ರ. ಆದ್ರೆ ಖಾಲಿ ಸೈಟು ಅಂದ್ರೆ ನಾವೇ ರಾತ್ರಿ ಹೋಗಿ ಕವರ್ ಎಸೆದು ಬರ್ತೀವಿ. ಎರಡನೇ ಶನಿವಾರ ಪಾರ್ಥೇನಿಯಂ ಕಿತ್ತೆವು. ಈ ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಇವತ್ತು ದೇಶ ತುಂಬಿದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ. ಅದಕ್ಕೇ ಹೂ ಬಿಡೋ ಮೊದಲೇ ಬೇರುಸಹಿತ ಕೀಳಬೇಕು, ಕೈಗೆ ಗವಸು ಹಾಕ್ಕೊಂಡು ಕೀಳಬೇಕು, ಇಲ್ಲಾಂದ್ರೆ ಮೈಯೆಲ್ಲ ತುರಿಕೆ. ಹೋಶೇಯ 10:12 ಪಾಳು ಭೂಮಿಯನ್ನ ಉಳಲು ಹೇಳುತ್ತೆ. ಯೆರೆಮೀಯ 4:3 ಮುಳ್ಳುಗಳ ನಡುವೆ ಬಿತ್ತಬೇಡಿ ಅನ್ನುತ್ತೆ. ಬಿತ್ತೋಕೆ ಮೊದಲು ಇಷ್ಟು ಕೆಲಸ ಇದೆ. ಈ ಕೆಲಸಕ್ಕೆ ಫೋಟೋ ತೆಗೆಯೋರು ಇರಲ್ಲ. ಸಾಕ್ಷಿ ಹೇಳೋಕೂ ಏನೂ ಇರಲ್ಲ. ಆದರೆ ದೇವರು ನೋಡ್ತಾನೆ. ಆಮೆನ್?

ಎರಡನೆಯದು: ಅವನು ಸುತ್ತ ಅಗೆದ, ಬುಡಕ್ಕೆ ಹೊಡೀಲಿಲ್ಲ.

ಮೂರನೇ ಶನಿವಾರ ಒಬ್ಬ ಸಹೋದರಿ ಹೆಂಟೆ ಒಡೀತಾ ನನ್ನ ಹತ್ತಿರ ಮಾತಾಡಿದ್ರು. ಅವರ ಅನುಮತಿ ಕೇಳಿಯೇ ಹೇಳ್ತಿದ್ದೀನಿ. "ಪಾಸ್ಟರ್, ನನ್ನ ಮಗ ಸಭೆಗೆ ಬರೋದು ಬಿಟ್ಟು ಮೂರು ವರ್ಷ ಆಯ್ತು. ಫೋನ್ ಮಾಡಿದಾಗಲೆಲ್ಲ ಬೈತೀನಿ, ಅಳ್ತೀನಿ, ವಾಕ್ಯ ಹೇಳ್ತೀನಿ. ಈಗ ಫೋನೇ ಎತ್ತಲ್ಲ. ಇನ್ನೆಷ್ಟು ದಿನ ಪ್ರಾರ್ಥನೆ ಮಾಡ್ಲಿ?" ಮೂರು ವರ್ಷ. ಅಂಜೂರದ ಗಿಡದ ಮುಂದೆ ನಿಂತ ಯಜಮಾನನೂ ಅದೇ ಲೆಕ್ಕ ಹೇಳಿದ್ದ.

ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಅಜ್ಜ ಇದ್ದಾರೆ, ಹಳ್ಳಿಯಲ್ಲಿ ಬೇಸಾಯ ಮಾಡಿದವರು. ಆ ಹೊತ್ತಿಗೆ ಸರಿಯಾಗಿ ಅವರು ಮೂಲೆಯಲ್ಲಿದ್ದ ನುಗ್ಗೆ ಗಿಡಕ್ಕೆ ಪಾತಿ ಮಾಡ್ತಿದ್ರು. ಒಬ್ಬ ಯುವಕ ಉತ್ಸಾಹದಲ್ಲಿ ಗುದ್ದಲಿಯನ್ನ ಬುಡಕ್ಕೇ ಎತ್ತಿದ. ಅಜ್ಜ ಕೂಗಿದ್ರು, "ಏ ತಮ್ಮಾ, ಬುಡಕ್ಕಲ್ಲ, ಸುತ್ತ! ನೀರು ಕುಡಿಯೋ ಬೇರು ದೂರದಲ್ಲಿ ಇರ್ತದೆ." ಇನ್ನೊಬ್ಬರು ಹಸಿ ಸಗಣಿ ಬುಟ್ಟಿ ತಂದು ಸುರಿಯೋಕೆ ಹೋದ್ರು. ಅದಕ್ಕೂ ಬೇಡ ಅಂದ್ರು. ಹಸಿ ಗೊಬ್ಬರ ಬೇರನ್ನ ಸುಡುತ್ತೆ, ತಿಂಗಳುಗಟ್ಟಲೆ ಕಳಿತು, ಬಿಸಿ ಇಳಿದು, ವಾಸನೆ ಹೋಗಿ, ಪುಡಿಪುಡಿ ಆದ ಮೇಲೆ ಹಾಕಬೇಕು.

ನಾನು ಆ ತಾಯಿಯ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದ್ರು. ಬೇರೆ ಪ್ರಸಂಗ ಬೇಕಾಗಿರಲಿಲ್ಲ.

ಪ್ರಿಯರೇ, ನಾವು ಎಷ್ಟು ಸಾರಿ ಪ್ರೀತಿ ಅಂದುಕೊಂಡು ಬುಡಕ್ಕೇ ಗುದ್ದಲಿ ಹಾಕ್ತೀವಿ! ನಮ್ಮ ಬುದ್ಧಿಮಾತು ಸತ್ಯವೇ ಇರಬಹುದು, ಗೊಬ್ಬರವೇ ಇರಬಹುದು, ಆದರೆ ಹಸಿ. ಕೋಪದ ಬಿಸಿ ಇನ್ನೂ ಇಳಿದಿಲ್ಲ. ಆ ಮಾತನ್ನ ಮೊದಲು ದೇವರ ಪಾದದಲ್ಲಿ ಕಳಿಯಲು ಬಿಡಿ. ಸುತ್ತ ಅಗೆಯೋದು ಅಂದ್ರೇನು? ಗಟ್ಟಿಯಾದ ಮಣ್ಣಿಗೆ ಗಾಳಿ, ನೀರು ಹೋಗೋಕೆ ದಾರಿ ಮಾಡೋದು. ಮಗ ಊಟ ಮಾಡಿದ್ನಾ, ಕೆಲಸ ಹೇಗಿದೆ, ಬಾಡಿಗೆ ಕಟ್ಟಿದ್ನಾ, ಅದನ್ನ ಕೇಳೋದು. ಆ ತಾಯಿ ಹೋದ ವಾರ ಮಗನ ರೂಮಿಗೆ ಹುರುಳಿ ಸಾರು ತಗೊಂಡು ಹೋಗಿದ್ರಂತೆ. ಸಭೆಯ ವಿಷಯ ಎತ್ತಲಿಲ್ಲವಂತೆ. ಅವನು ಇವತ್ತೂ ಇಲ್ಲಿ ಬಂದಿಲ್ಲ. ಅದನ್ನ ಮುಚ್ಚಿಡಲ್ಲ. ಆದರೆ ಫೋನ್ ಎತ್ತುತ್ತಿದ್ದಾನೆ. ಸುತ್ತಲಿನ ಮಣ್ಣು ಸ್ವಲ್ಪ ಸಡಿಲ ಆಗಿದೆ. ಸ್ತೋತ್ರ!

ಹಾಗಂತ ಪಾಪವನ್ನ ಪಾಪ ಅನ್ನಬಾರದು ಅಂತ ನಾನು ಹೇಳ್ತಿಲ್ಲ. ತೋಟಗಾರ ಯಜಮಾನನಿಗೆ ಸುಳ್ಳು ಹೇಳಲಿಲ್ಲ. ಹಣ್ಣು ಇದೆ ಅನ್ನಲಿಲ್ಲ. ಕೊಡಲಿಯ ಮಾತನ್ನೂ ತಳ್ಳಿಹಾಕಲಿಲ್ಲ. ದೇವರ ತಾಳ್ಮೆ ದೊಡ್ಡದು, ಆದರೆ ಅದನ್ನ ಹಗುರ ಮಾಡಬೇಡಿ. ಇಲ್ಲಿ ಕೂತು ಕೇಳ್ತಾ ಇರುವವರಲ್ಲಿ ನೀವೇ ಆ ಗಿಡ ಆಗಿದ್ರೆ, ಈ ವರ್ಷ ನಿಮಗೆ ಸುಮ್ಮನೆ ಸಿಕ್ಕಿದ್ದಲ್ಲ. ಯಾರೋ ನಿಮ್ಮ ಪರವಾಗಿ ಕೇಳಿಕೊಂಡಿದ್ದಾರೆ.

ಮೂರನೆಯದು: ಅವನು ಫಲ ಕೊಡ್ತೀನಿ ಅಂತ ಮಾತು ಕೊಡಲಿಲ್ಲ.

ಅಗೀತೀನಿ, ಗೊಬ್ಬರ ಹಾಕ್ತೀನಿ ಅಂದ. ಹಣ್ಣು ಬಿಡಿಸ್ತೀನಿ ಅನ್ನಲಿಲ್ಲ. ಒಂದನೇ ಕೊರಿಂಥ 3ನೇ ಅಧ್ಯಾಯದಲ್ಲಿ ಪೌಲನೂ ಇದನ್ನೇ ಹೇಳ್ತಾನೆ, ನೆಟ್ಟವನೊಬ್ಬ, ನೀರು ಹೊಯ್ದವನೊಬ್ಬ, ಬೆಳೆಸಿದವನು ಮಾತ್ರ ದೇವರು. ನಮ್ಮ ಮೈಸೂರಿನ ಕೆಂಪು ಮಣ್ಣು ಮಾರ್ಚ್‌ನಲ್ಲಿ ಕಲ್ಲು. ಗುದ್ದಲಿ ಎಗರುತ್ತೆ. ಈಗ ಏಪ್ರಿಲ್ ಕೊನೆಗೆ ರೈತರು ಭರಣಿ ಮಳೆ ಅನ್ನೋ ಮಳೆ ಎರಡು ಸಾರಿ ಬಿತ್ತು ನೋಡಿ, ಅದೇ ಮಣ್ಣು ಹದಕ್ಕೆ ಬಂತು. ತೀರಾ ಒದ್ದೆ ಇದ್ದಾಗ ಅಗೆದ್ರೆ ಮಣ್ಣು ಮುದ್ದೆಯಾಗಿ ಆಮೇಲೆ ಇಟ್ಟಿಗೆಯಾಗುತ್ತೆ. ಒಣಗಿ ಹೋದ್ರೆ ಮತ್ತೆ ಕಲ್ಲು. ಹಿಡಿ ಮಣ್ಣನ್ನ ಮುಷ್ಟಿಯಲ್ಲಿ ಅದುಮಿದ್ರೆ ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದ್ರೆ ಉದುರಬೇಕು. ಅದು ಹದ. ಮಳೆಯನ್ನ ನಾವು ತರಿಸೋಕೆ ಆಗಲ್ಲ. ಆದರೆ ಮಳೆ ಬಂದ ಮಾರನೇ ದಿನ ಗುದ್ದಲಿ ಹಿಡ್ಕೊಂಡು ಸಿದ್ಧವಾಗಿ ಇರೋದು ನಮ್ಮ ಕೈಲಿದೆ. ಆತ್ಮನ ಮಳೆಯೂ ಹಾಗೇ. ದೇವರು ಸುರಿಸಿದ ದಿನ ನಮ್ಮ ಅಂಗಳ ಇಟ್ಟಿಗೆ ಚೂರಿನಿಂದ ತುಂಬಿದ್ರೆ ನೀರು ಹರಿದು ಚರಂಡಿಗೆ ಹೋಗುತ್ತೆ.

ದಣಿದ ಮಣ್ಣಿನ ಬಗ್ಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಒಬ್ಬ ದೇವಭಕ್ತ ವಿಜ್ಞಾನಿ ಇದ್ದರು. ಗುಲಾಮಗಿರಿಯಲ್ಲಿ ಹುಟ್ಟಿದ ಮಗು. 1896ರಲ್ಲಿ ಟಸ್ಕೆಗೀ ಶಾಲೆಗೆ ಬಂದಾಗ ಅಲ್ಲಿನ ಹೊಲಗಳು ವರ್ಷಾನುವರ್ಷ ಬರೀ ಹತ್ತಿ ಬೆಳೆದು ಸತ್ವ ಕಳೆದುಕೊಂಡಿದ್ವು. ಅವರು ಬಡ ರೈತರಿಗೆ ಕಲಿಸಿದ್ದೇನು? ಎಲೆ, ಕಸ ಕೂಡಿಸಿ ಗೊಬ್ಬರ ಮಾಡಿ, ಅಲಸಂದೆ ಹಾಕಿ, ಕಡಲೆಕಾಯಿ ಹಾಕಿ. ಅಲಸಂದೆಯ ಬೇರಿನ ಗಂಟುಗಳು ಗಾಳಿಯಲ್ಲಿರುವ ಸಾರಜನಕವನ್ನ ಮಣ್ಣಿಗೆ ಸೇರಿಸುತ್ತವೆ. ನಾವೂ ಈ ಜಾಗದ ಅರ್ಧಕ್ಕೆ ಮೊದಲು ಅಲಸಂದೆಯನ್ನೇ ಬಿತ್ತುತ್ತೇವೆ. ದಣಿದ ಮಣ್ಣಿನಿಂದ ಫಲ ಕೇಳೋ ಮೊದಲು ಅದಕ್ಕೆ ಕೊಡಬೇಕು. ಸೇವೆಯಲ್ಲಿ ದಣಿದ ಸಹೋದರ ಸಹೋದರಿಯರಿಗೂ ಇದೇ ನಿಯಮ. ಅವರಿಂದ ಇನ್ನೂ ಕೇಳಬೇಡಿ, ಈ ಕಾಲದಲ್ಲಿ ಅವರಿಗೆ ಕೊಡಿ.

ಉಳಿದ ಅರ್ಧದಲ್ಲಿ ದಂಟು, ಮೆಂತ್ಯ, ಬದನೆ. ಈರನಗೆರೆ ಬದನೆ ಗೊತ್ತಲ್ಲ? ಆ ಹೆಸರು ಕೊಟ್ಟ ಈರನಗೆರೆ ಈಗ ಊರೊಳಗೆ ಸೇರಿ ಮನೆಗಳಾಗಿವೆ. ಬೀಜ ಸಿಕ್ಕರೆ ಅದನ್ನೇ ಹಾಕೋಣ. ಬೆಳೆದಿದ್ದನ್ನ ಏನು ಮಾಡೋದು? ಯಾಜಕಕಾಂಡ 19ರಲ್ಲಿ ದೇವರು ಹೊಲದ ಮೂಲೆಯನ್ನ ಬಡವರಿಗೂ ಪರದೇಶಿಗಳಿಗೂ ಬಿಡೋಕೆ ಹೇಳಿದ್ದಾನೆ. ನಾವು ಬೀದಿಯ ಎಲ್ಲರಿಗೂ ಕೊಡೋಣ, ಯಾವ ದೇವರನ್ನ ಬೇಡುವವರಾದ್ರೂ ಸರಿ. ಒಂದು ವಿನಂತಿ ಇದೆ. ಸೊಪ್ಪಿನ ಕಟ್ಟಿಗೆ ಕರಪತ್ರ ಸುತ್ತಿ ಕೊಡಬೇಡಿ. ಸೊಪ್ಪು ಸೊಪ್ಪಾಗಿಯೇ ಹೋಗಲಿ. ಪ್ರೀತಿಗೆ ಗಾಳ ಬೇಡ. ಯಾರಾದ್ರೂ ಕೇಳಿದ್ರೆ ನಿಮ್ಮ ನಿರೀಕ್ಷೆಗೆ ಕಾರಣ ಧೈರ್ಯವಾಗಿ ಹೇಳಿ.

ಯೋಹಾನ 20ನೇ ಅಧ್ಯಾಯದಲ್ಲಿ ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ಯೇಸುವನ್ನ ನೋಡಿ ತೋಟದ ಮಾಲಿ ಅಂದುಕೊಂಡಳು. ಅವಳು ಗುರುತು ಹಿಡಿಯಲಿಲ್ಲ ಅಂತ ನಾವು ಹೇಳ್ತೀವಿ. ನನಗನ್ನಿಸುತ್ತೆ, ಅವಳು ಅಷ್ಟೊಂದು ತಪ್ಪಾಗಿ ನೋಡಲಿಲ್ಲ. ತಂದೆಯ ಮುಂದೆ ನಿಂತು ನನ್ನ ಪರವಾಗಿ ಗಡುವು ಕೇಳಿದಾತ ಆತನೇ. ಕೈಯಲ್ಲಿ ಗಾಯದ ಗುರುತು ಇರುವ ತೋಟಗಾರ. ನನ್ನ ಸುತ್ತ ಆತ ಅಗೆದಾಗ ನನಗೆ ನೋವಾಗಿರಬಹುದು, ಕೆಲಸ ಹೋಗಿರಬಹುದು, ಕಾಯಿಲೆ ಬಂದಿರಬಹುದು. ಅದು ಕೊಡಲಿಯೇ ಅಂತ ತಿಳ್ಕೋಬೇಡಿ. ಗುದ್ದಲಿ ಇರಬಹುದು.

ಬರುವ ಶನಿವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಗುದ್ದಲಿ, ಬುಟ್ಟಿ, ಗವಸು ಇದ್ದವರು ತನ್ನಿ. ಮನೆಯ ಹಸಿ ಕಸವನ್ನ ಬೇರೆ ಮಾಡಿ ತನ್ನಿ, ಪ್ಲಾಸ್ಟಿಕ್ ಬೆರೆತ ಕಸ ಗೊಬ್ಬರ ಆಗಲ್ಲ. ಮಂಡಿ ನೋವಿರುವ ಅಮ್ಮಂದಿರು ಕೂತು ಬೀಜ ಬಿಡಿಸಿ ಕೊಡಬಹುದು. ಅದರ ಜೊತೆಗೆ ಒಬ್ಬರ ಹೆಸರನ್ನ ಮನಸ್ಸಿನಲ್ಲಿ ತನ್ನಿ. ಅವರಿಗಾಗಿ ಕರ್ತನ ಹತ್ತಿರ ಇನ್ನೊಂದು ವರ್ಷ ಕೇಳಿ.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನೀನು ನಮಗೆ ಕೊಟ್ಟ ಈ ವರ್ಷಕ್ಕಾಗಿ ಸ್ತೋತ್ರ. ನಮ್ಮ ಮಕ್ಕಳನ್ನು, ದೂರ ಹೋದವರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ನಮ್ಮ ಕೈಗೆ ಕೆಲಸ ಕೊಡು, ನಮ್ಮ ಬಾಯಿಗೆ ಹದವಾದ ಮಾತು ಕೊಡು. ಮೈಸೂರಿನ ಮೇಲೆ ಕಾಲಕ್ಕೆ ಸರಿಯಾಗಿ ಮಳೆ ಸುರಿಸು. ಬೆಳೆಸುವವನು ನೀನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.