ಲಜ್ಜೆಯೂ ಮಾನವೂ

ಮಗುವು ನಡೆಯುವುದನ್ನೂ ನುಡಿಯುವುದನ್ನೂ ಕಲಿಯುತ್ತಿರುವಾಗಲೇ ಮನೆಯವರು ಅದಕ್ಕೆ ಕಲಿಸುವ ಮೊದಲನೆಯ ಶಿಷ್ಟಾಚಾರವೆಂದರೆ ಮಲಮೂತ್ರಗಳನ್ನು ತಡೆದುಕೊಂಡು ತಕ್ಕ ಸ್ಥಳದಲ್ಲಿ ವಿಸರ್ಜಿಸತಕ್ಕದ್ದೆಂಬುದು. ಈ ಪಾಠವನ್ನು ಕಲಿತ ದಿನವನ್ನು ಯಾರೂ ನೆನಪಿನಲ್ಲಿಟ್ಟುಕೊಂಡಿರುವುದಿಲ್ಲ. ಅದು ಮೈಗೂಡಿಹೋಗಿ, ಒಂದು ಕಾಲದಲ್ಲಿ ಕಲಿತ ವಿದ್ಯೆಯೆಂಬುದೇ ಮರೆತುಹೋಗುತ್ತದೆ. ಅದು ಕೈತಪ್ಪಿದ ದಿನ ಮಾತ್ರ ಅದರ ಬೆಲೆ ತಿಳಿಯುತ್ತದೆ. ಮಕ್ಕಳಿಗೂ ಮೊಮ್ಮಕ್ಕಳಿಗೂ ನಡೆನುಡಿಗಳನ್ನು ಹೇಳಿಕೊಟ್ಟ 65 ವರ್ಷದ ಗೃಹಸ್ಥನೊಬ್ಬನು, ಎದ್ದು ನಿಂತಾಗ, ಕೆಮ್ಮಿದಾಗ, ಮನಬಿಚ್ಚಿ ನಕ್ಕಾಗ ತನ್ನ ಉಡುಪು ಒದ್ದೆಯಾಯಿತೆಂದು ಕಂಡುಕೊಂಡರೆ, ಅವನ ಮನಸ್ಸಿಗೆ ತಗಲುವ ಪೆಟ್ಟು ದೇಹಕ್ಕೆ ಆದ ಗಾಯಕ್ಕಿಂತ ದೊಡ್ಡದು. ತನ್ನ ಮಾನವೇ ಹೋಯಿತೆಂದು ಅವನಿಗೆ ತೋರುತ್ತದೆ. ಈ ತೋರಿಕೆ ನಿಜವೆ? ತಪ್ಪಿಲ್ಲದ ಕಡೆಯಲ್ಲಿ ಮಾನಹಾನಿಯಿರಬಹುದೆ? ವಿಚಾರಿಸತಕ್ಕ ಪ್ರಶ್ನೆ ಇದು.

ಈ ಸ್ಥಿತಿಯನ್ನು ತರುವ ಕಾರಣಗಳು ಹಲವು. ಪುರುಷರಲ್ಲಿ ಅವುಗಳ ಪೈಕಿ ಮುಖ್ಯವಾದದ್ದೊಂದು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಮಾಡುವ ಶಸ್ತ್ರಚಿಕಿತ್ಸೆ. ಈ ಗ್ರಂಥಿಯು ಅಕ್ರೋಟದ ಕಾಯಿಯಷ್ಟು ಗಾತ್ರವುಳ್ಳದ್ದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದುಕೊಂಡಿದೆ. ಮೂತ್ರವನ್ನು ತಡೆಯುವ ಬಾಗಿಲುಗಳು ಎರಡು. ಮೇಲಿನದು ಮೂತ್ರಕೋಶದ ಕೊರಳಿನಲ್ಲಿರುವುದು. ಮನುಷ್ಯನ ಅಪ್ಪಣೆಯನ್ನು ಕಾಯದೆ ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಕೆಳಗಿನದು ಗ್ರಂಥಿಯ ಆಚೆ ಇರುವುದು, ಇಚ್ಛೆಗೆ ಅಧೀನವಾದದ್ದು. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಾಗ ಮೇಲಿನ ಬಾಗಿಲಿನ ಬಲ ಬಹುಮಟ್ಟಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಇಬ್ಬರು ಕಾವಲುಗಾರರ ಕೆಲಸವನ್ನು ಒಬ್ಬನೇ ಮಾಡಬೇಕು. ಅವನೂ ಶಸ್ತ್ರದಿಂದ ಬಳಲಿದವನು. ಇಲ್ಲಿ ನಡೆದಿರುವುದು ಇಷ್ಟೆ. ಇದರಲ್ಲಿ ಶೀಲದ ಮಾತೆಲ್ಲಿ ಬಂತು?

ಕ್ಯಾನ್ಸರಿಗಾಗಿ ಈ ಗ್ರಂಥಿಯನ್ನು ಸಮೂಲವಾಗಿ ತೆಗೆಯುವ ಕ್ರಮವನ್ನು 1904ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ವೈದ್ಯನು ನಡೆಸಿದನು. 1982ರಲ್ಲಿ ಅಲ್ಲಿಯೇ ಪ್ಯಾಟ್ರಿಕ್ ವಾಲ್ಶ್ ಎಂಬವರು ಪಕ್ಕದ ನರಗಳನ್ನು ಉಳಿಸುವ ವಿಧಾನವನ್ನು ಆಚರಣೆಗೆ ತಂದರು. ಈಗ ಯಂತ್ರದ ತೋಳುಗಳೂ ವೈದ್ಯನ ಕೈಗೆ ನೆರವಾಗುತ್ತವೆ. ಆದರೂ ಸೋರಿಕೆಯ ತೊಂದರೆ ನಿಶ್ಶೇಷವಾಗಿಲ್ಲ. ಬ್ರಿಟನ್ನಿನಲ್ಲಿ, ರೋಗವು ಗ್ರಂಥಿಯನ್ನು ದಾಟಿಹೋಗದಿದ್ದ 1643 ಮಂದಿಯನ್ನು ಚೀಟಿಯೆತ್ತಿದಂತೆ ಮೂರು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ಕಿರಣಚಿಕಿತ್ಸೆ, ಇನ್ನೊಂದಕ್ಕೆ ಎಚ್ಚರದ ಕಾವಲು ಎಂದು ಗೊತ್ತುಮಾಡಿ ಬಹುಕಾಲ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶಸ್ತ್ರಚಿಕಿತ್ಸೆಯ ಪಂಗಡದಲ್ಲಿ 6 ತಿಂಗಳಿಗೆ ನೂರಕ್ಕೆ 46 ಮಂದಿ ಒದ್ದೆಯನ್ನು ಹೀರುವ ಪ್ಯಾಡನ್ನು ಬಳಸುತ್ತಿದ್ದರು. 6 ವರ್ಷಗಳಿಗೆ ನೂರಕ್ಕೆ 17 ಮಂದಿ. ಹೆಚ್ಚಿನವರಿಗೆ ಇದು ಕಾಲಕ್ರಮದಲ್ಲಿ ತಗ್ಗುವ ಕಷ್ಟ. ಕೆಲವರಿಗೆ ಮಾತ್ರ ಜೊತೆಯಲ್ಲಿಯೇ ಉಳಿಯುವ ಕಷ್ಟ. ಊರಿನ ಸಭೆಯೊಂದರಲ್ಲಿ ಕುಳಿತ ವೃದ್ಧರಲ್ಲಿ ಇಂಥವರು ಯಾರೆಂದು ಪಕ್ಕದವನಿಗೆ ತಿಳಿಯದು. ಪ್ರತಿಯೊಬ್ಬನೂ ತಾನೊಬ್ಬನೇ ಎಂದು ತಿಳಿದಿರುತ್ತಾನೆ.

ಈ ಏಕಾಂತವೇ ನಿಜವಾದ ಅನಿಷ್ಟ. ನಿವೃತ್ತ ಉಪಾಧ್ಯಾಯನೊಬ್ಬನನ್ನು ಊಹಿಸಿಕೊಳ್ಳಬಹುದು. ಕ್ಯಾನ್ಸರು ಹೋಯಿತು, ಜೀವ ಉಳಿಯಿತು, ಬಂಧುಗಳು ದೇವರಿಗೆ ಕಾಯಿ ಒಡೆಸಿದರು. ಆದರೆ ಅವನು ಸಂಜೆಯ ವಾಯುಸಂಚಾರವನ್ನು ಬಿಟ್ಟನು. ಬಸ್ಸಿನಲ್ಲಿ ದೂರ ಹೋಗಬೇಕಾದ ಮದುವೆಗೆ ಮೈಯಲ್ಲಿ ಹುಷಾರಿಲ್ಲವೆಂದು ಹೇಳಿಕಳುಹಿಸಿದನು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಹಿಂಜರಿದನು. ಅಜ್ಜನಿಗೆ ತನ್ನ ಮೇಲೆ ಕೋಪವೆಂದು ಮಗು ತಿಳಿಯಿತು. ನೀರು ಕುಡಿಯದಿದ್ದರೆ ಸೋರದೆಂದು ಬಾಯಾರಿಕೆಯನ್ನು ಸಹಿಸಿದನು. ಮೂತ್ರವು ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸಿತು, ತೊಂದರೆ ಹೆಚ್ಚಿತು. ಕೊನೆಗೆ ಗೋಡೆಯ ಕಡೆಗೆ ಮುಖಮಾಡಿ ಮಲಗುವುದೇ ಸುಖವೆನಿಸಿತು. ವೈದ್ಯನು ಉಳಿಸಿಕೊಟ್ಟ ಬಾಳನ್ನು ನಾಚಿಕೆಯು ಹೀಗೆ ದಿನಕ್ಕಿಷ್ಟರಂತೆ ಹಿಂದಕ್ಕೆ ಪಡೆದುಕೊಳ್ಳುತ್ತ ಬಂತು.

ಹಾಗಾದರೆ ನಾಚಿಕೆಯನ್ನೇ ಬಿಟ್ಟುಬಿಡಬೇಕೆ? ಹಾಗೆ ಹೇಳುವುದು ಸುಲಭ. ಆದರೆ ಅದು ಸರಿಯೂ ಅಲ್ಲ, ಸಾಧ್ಯವೂ ಅಲ್ಲ. ಲಜ್ಜೆಯು ನಾಗರಿಕ ಜೀವನದ ಕಾವಲು. ದೇಹದ ಕೆಲವು ವ್ಯಾಪಾರಗಳನ್ನು ಮರೆಯಲ್ಲಿಡುವುದು ಕಪಟವಲ್ಲ. ಇತರರ ವಿಷಯದಲ್ಲಿ ತೋರುವ ಮರ್ಯಾದೆ. ಆದರೆ ಲಜ್ಜೆ ಬೇರೆ, ಅವಮಾನ ಬೇರೆ. ಲಜ್ಜೆಗೆ ಬೇಕಾದುದು ಒಂದು ತೆರೆ. ತೆರೆಯ ಹಿಂದೆ ಬಟ್ಟೆಯನ್ನು ಬದಲಾಯಿಸಿ ಮನುಷ್ಯನು ಮತ್ತೆ ಪಡಸಾಲೆಗೆ ಬರಬಹುದು. ಅವಮಾನಕ್ಕೆ ಬೇಕಾದುದು ಮನುಷ್ಯನೇ ಮರೆಯಾಗುವುದು. ಮೊದಲನೆಯದು ಬಾಳಿಗೆ ಅನುಕೂಲ; ಎರಡನೆಯದು ಬಾಳಿಗೆ ಶತ್ರು. ಮಾಡಿದ ತಪ್ಪಿಗೆ ತಲೆತಗ್ಗಿಸುವುದು ಧರ್ಮ. ಇಚ್ಛೆಯಿಲ್ಲದೆ ಆದುದಕ್ಕೆ ತಲೆತಗ್ಗಿಸುವುದು, ಮಳೆಗೆ ಮನೆ ಸೋರಿತೆಂದು ಗೃಹಸ್ಥನು ತನ್ನನ್ನು ಕಳ್ಳನೆಂದು ಕರೆದುಕೊಂಡಂತೆ.

ಈ ವಿಷಯದಲ್ಲಿ ಆಯುರ್ವೇದದ ಪ್ರಾಚೀನ ಗ್ರಂಥವಾದ ಚರಕಸಂಹಿತೆಯ ಒಂದು ವಿವೇಚನೆ ನೆನೆಯತಕ್ಕದ್ದು. ಅದರ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವೇಗಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಮೂತ್ರ, ಸೀನು, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮೊದಲಾದ ದೇಹದ ವೇಗಗಳನ್ನು ಬಲಾತ್ಕಾರದಿಂದ ತಡೆಯಬಾರದು. ಲೋಭ, ಶೋಕ, ಭಯ, ಕ್ರೋಧ, ಮಾನ, ನಿರ್ಲಜ್ಜತೆ, ಈರ್ಷ್ಯೆ ಮೊದಲಾದ ಮನಸ್ಸಿನ ವೇಗಗಳನ್ನು ತಡೆಯಬೇಕು. ಅಲ್ಲಿನ ಪ್ರಸಂಗವು ತಡೆಯಬಲ್ಲವನಿಗೆ ಹೇಳಿದ ಆರೋಗ್ಯನಿಯಮ, ತಡೆಯಲಾರದವನ ಮಾತಲ್ಲ. ಆದರೂ ಅದರಿಂದ ತಿಳಿಯತಕ್ಕ ತತ್ತ್ವವೊಂದಿದೆ. ಬುದ್ಧಿವಂತನು ಹಿಡಿದಿಡಬೇಕಾದುದು ದೇಹದ ನೀರನ್ನಲ್ಲ, ಮನಸ್ಸಿನ ಆವೇಗವನ್ನು. ಆ ಪಟ್ಟಿಯಲ್ಲಿ ಅಭಿಮಾನವೆಂಬರ್ಥದ ಮಾನವೂ ಇದೆ, ನಿರ್ಲಜ್ಜತೆಯೂ ಇದೆ, ಶೋಕಭಯಗಳೂ ಇವೆ. ಲಜ್ಜೆಗೆಡಬಾರದು, ಅಭಿಮಾನದಿಂದ ಕೆಡಲೂಬಾರದು ಎಂಬ ಎರಡು ಅಂಚುಗಳ ನಡುವಣ ದಾರಿ ಇದರಿಂದ ಕಾಣುತ್ತದೆ. ಉಡುಪು ಒದ್ದೆಯಾದಾಗಲೂ ಸಿಡುಕದೆ, ಯಾರನ್ನೂ ದೂರದೆ, ಎದ್ದುಹೋಗಿ ಶುಚಿಯಾಗಿ ಬಂದು ಮಾತನ್ನು ಮುಂದುವರಿಸಬಲ್ಲ ಮುದುಕನಲ್ಲಿ ನಿಗ್ರಹಶಕ್ತಿ ಕುಂದಿಲ್ಲ. ಅದು ಹೆಚ್ಚು ಕಠಿನವಾದ ಸ್ಥಳದಲ್ಲಿ ನೆಲೆಸಿದೆ.

ಮಡಿ ಶೌಚಗಳನ್ನು ನಂಬಿ ಬಾಳಿದವರಿಗೆ ಇನ್ನೊಂದು ಚಿಂತೆಯುಂಟು: ದೇವರ ಮುಂದೆ ನಿಲ್ಲುವುದು ಹೇಗೆ? ಶಾಸ್ತ್ರಕಾರರು ಇದನ್ನು ಮನುಷ್ಯರಿಗಿಂತ ಹೆಚ್ಚು ದಯೆಯಿಂದ ಯೋಚಿಸಿದ್ದಾರೆ. ನೀರಿನಲ್ಲಿ ಮೀಯಲಾರದ ಆತುರನಿಗೆ, ಎಂದರೆ ರೋಗಿಗೆ, ಒದ್ದೆಬಟ್ಟೆಯಿಂದ ಮೈಯೊರಸಿಕೊಳ್ಳುವುದು, ಮಂತ್ರಸ್ನಾನ, ಮಾನಸಸ್ನಾನ ಎಂಬ ಅನುಕಲ್ಪಗಳನ್ನು ಹೇಳಿದ್ದಾರೆ. ಮೂತ್ರವು ನಿಲ್ಲದೆ ಹನಿಯುವವನು ಒಂದೊಂದು ನಮಾಜಿನ ಹೊತ್ತಿಗೂ ಅಂಗಶುದ್ಧಿ ಮಾಡಿಕೊಂಡು ಪ್ರಾರ್ಥಿಸಿದರೆ ಸಾಕು, ಅವನು ಕ್ಷಮ್ಯನು ಎಂದು ಇಸ್ಲಾಮಿನ ಧರ್ಮಶಾಸ್ತ್ರಜ್ಞರಲ್ಲಿ ಅನೇಕರು ಹೇಳಿರುತ್ತಾರೆ. ಧರ್ಮವೇ ಬಾಗಿಲು ತೆರೆದಿರುವಾಗ ಭಕ್ತನು ತಾನಾಗಿ ಹೊರಗೆ ನಿಲ್ಲುವುದೇಕೆ?

ಆದರೆ ಅವಮಾನಪಡಬೇಡವೆಂಬ ಮಾತು ಪ್ರಯತ್ನ ಬೇಡವೆಂಬ ಮಾತಾಗಬಾರದು. 1948ರಲ್ಲಿ ಅಮೆರಿಕದ ಆರ್ನಲ್ಡ್ ಕೆಗೆಲ್ ಎಂಬ ವೈದ್ಯನು ಹೆರಿಗೆಯಾದ ಸ್ತ್ರೀಯರಿಗಾಗಿ ಒಂದು ವ್ಯಾಯಾಮವನ್ನು ಹೇಳಿದನು. ಅದೇ ಈಗ ಈ ಪುರುಷರಿಗೂ ನೆರವಾಗಿದೆ. ಮೂತ್ರವನ್ನು ನಡುವೆ ನಿಲ್ಲಿಸುವಾಗ ಬಿಗಿಯುವ ಸ್ನಾಯುಗಳನ್ನು ಗುರುತಿಸಿಕೊಂಡು, ಬೇರೆ ಹೊತ್ತಿನಲ್ಲಿ ಅವನ್ನು ಬಿಗಿಹಿಡಿದು, ಕೆಲವು ಕ್ಷಣ ನಿಲ್ಲಿಸಿ, ಸಡಿಲಿಸುವುದು; ಏಳುವ ಮುನ್ನ, ಕೆಮ್ಮುವ ಮುನ್ನ ಅದನ್ನು ನೆನೆಯುವುದು. ಕೂಸಾಗಿದ್ದಾಗ ತಾಯಿ ಕಲಿಸಿದ ಪಾಠವನ್ನು ಮುಪ್ಪಿನಲ್ಲಿ ತಾನೇ ಗುರುವಾಗಿ ತನಗೆ ಮತ್ತೆ ಕಲಿಸಿಕೊಳ್ಳುವ ಸಾಧನೆಯಿದು. ಇದರಿಂದ ಸಾಲದಿದ್ದವರಿಗೆ ಶಸ್ತ್ರವೈದ್ಯದಲ್ಲಿ ಬೇರೆ ಉಪಾಯಗಳಿವೆ. ಮೂತ್ರನಾಳದ ಸುತ್ತ ನೀರು ತುಂಬಿದ ಪಟ್ಟಿಯನ್ನು ತೊಡಿಸಿ, ಚರ್ಮದೊಳಗಿನ ಸಣ್ಣ ಪಂಪನ್ನು ಒತ್ತಿ ಅದನ್ನು ತೆರೆಯುವಂತೆ ಮಾಡುವ ಕೃತಕ ಬಾಗಿಲನ್ನು 1973ರಲ್ಲಿ ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದರು. ಅದರ ಸುಧಾರಿಸಿದ ರೂಪ ಇಂದಿಗೂ ಬಳಕೆಯಲ್ಲಿದೆ. ಇವೆಲ್ಲಕ್ಕೂ ಮೊದಲ ಮೆಟ್ಟಲು ಒಂದೇ: ವೈದ್ಯನ ಮುಂದೆ ಬಾಯಿಬಿಟ್ಟು ಹೇಳುವುದು.

ವೈದ್ಯನಿಗೂ ಇಲ್ಲಿ ಋಣವುಂಟು. ಮುಂದೆ ಆಗಬಹುದಾದುದನ್ನು ಶಸ್ತ್ರವನ್ನು ಹಿಡಿಯುವ ಮುನ್ನವೇ ತಿಳಿಸಿದವನು ರೋಗಿಯ ಅರ್ಧ ದುಃಖವನ್ನು ತಪ್ಪಿಸುತ್ತಾನೆ. ಮೇಲೆ ಹೇಳಿದ ಬ್ರಿಟನ್ನಿನ ಪರೀಕ್ಷೆಯಲ್ಲಿ 15 ವರ್ಷಗಳ ತರುವಾಯ, ಮೂರು ಪಂಗಡಗಳಲ್ಲಿಯೂ ಸೇರಿ, ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂವರಿಗಿಂತ ಕಡಮೆ. ಪಂಗಡಪಂಗಡಗಳೊಳಗೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ರೋಗವು ಮುಂದುವರಿದವರಿಗೆ ಈ ಲೆಕ್ಕ ಹೊಂದದು. ಆದರೆ ಆಯ್ಕೆಗೆ ಅವಕಾಶವಿರುವ ಕಡೆ ಆರಿಸತಕ್ಕವನು ರೋಗಿ. ಯಾವ ಬೆಲೆಗೆ ಯಾವುದನ್ನು ಕೊಳ್ಳುತ್ತಿರುವೆನೆಂದು ತಿಳಿದು ಒಪ್ಪಿದವನು ಆಮೇಲಿನ ಕಷ್ಟವನ್ನು ತನ್ನ ನಿರ್ಣಯದ ಭಾಗವೆಂದು ಹೊರಬಲ್ಲನು. ತಿಳಿಯದೆ ಒಪ್ಪಿದವನು ಅದನ್ನು ಮೋಸವೆಂದು ಅನುಭವಿಸುತ್ತಾನೆ.

ಮನೆಯವರ ಧರ್ಮ ಇನ್ನೂ ಸೂಕ್ಷ್ಮವಾದದ್ದು. ಕನಿಕರವನ್ನು ಗಟ್ಟಿಯಾಗಿ ಆಡುವುದೂ ಒಂದು ಬಗೆಯ ಹಿಂಸೆ. ಏನೂ ಕಾಣದವರಂತೆ ದೂರವಿರುವುದು ಇನ್ನೊಂದು ಬಗೆಯ ಹಿಂಸೆ. ಹಾಸಿಗೆಯ ಮೇಲೆ ಮೇಣಗಪ್ಪಡವನ್ನು ಹಾಸಿ ಮಾತಿಲ್ಲದೆ ಮೇಲೆ ಹೊದಿಕೆ ಎಳೆಯುವ ಹೆಂಡತಿ, ಪ್ರಯಾಣದ ಚೀಲದಲ್ಲಿ ಇನ್ನೊಂದು ಪಂಚೆಯನ್ನು ಮಡಿಸಿಡುವ ಸೊಸೆ, ಸಭೆಯಲ್ಲಿ ಬಾಗಿಲ ಬಳಿಯ ಕುರ್ಚಿಯನ್ನು ತಂದೆಗೆಂದು ಹಿಡಿದಿಡುವ ಮಗ, ಇವರು ಯಾವ ಉಪದೇಶವನ್ನೂ ಮಾಡಿದವರಲ್ಲ. ಆದರೆ ಲಜ್ಜೆಗೆ ಬೇಕಾದ ತೆರೆಯನ್ನು ಇವರೇ ಹಿಡಿದುಕೊಂಡಿದ್ದಾರೆ. ತಾನು ಕೂಸಾಗಿದ್ದಾಗ ಒದ್ದೆ ಬಟ್ಟೆಯನ್ನು ಬದಲಾಯಿಸಿದವರು ಅದನ್ನು ಲೆಕ್ಕ ಬರೆದಿಡಲಿಲ್ಲವೆಂಬುದನ್ನು ಮಗನು ನೆನೆದರೆ ಸಾಕು.

ಮಾನವೆಂಬುದು ಒಣಗಿದ ಬಟ್ಟೆಯಲ್ಲಿರುವುದಾದರೆ ಅದು ಶೈಶವದಲ್ಲಿ ಯಾರಿಗೂ ಇರಲಿಲ್ಲ. ಮುಪ್ಪಿನಲ್ಲಿ ಬಹುಮಂದಿಗೆ ಉಳಿಯಲಾರದು. ಮನುಷ್ಯನ ಬೆಲೆಯನ್ನು ಅಷ್ಟು ತೆಳುವಾದ ನೂಲಿಗೆ ಕಟ್ಟಿ ತೂಗಹಾಕುವುದು ಲೋಕಕ್ಕೆ ಹಿತವಲ್ಲ. ಉಳಿದ ಜೀವವು ಉಳಿದದ್ದು ಬಾಳುವುದಕ್ಕಾಗಿ. ಉಪಾಧ್ಯಾಯನು ನಾಳೆ ಸಂಜೆ ಎಂದಿನ ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದು ಬರಲಿ. ಹಿಂದಿರುಗಿ ಬಂದಾಗ ಬಟ್ಟೆಯನ್ನು ಬದಲಾಯಿಸಬೇಕಾಗಿ ಬಂದರೆ ಬದಲಾಯಿಸಿಕೊಂಡು, ಕಾದಿರುವ ಮೊಮ್ಮಗುವನ್ನು ತೊಡೆಗೆ ಕರೆಯಲಿ.