ಹಲಗೆ ಬದಲಾದರೆ ಹಡಗು ಬದಲಾಯಿತೇ?

ಗ್ರೀಕ್ ವೀರ ಥೀಸಿಯಸ್‌ನ ಹಡಗನ್ನು ಅಥೆನ್ಸಿನ ಜನ ಬಹುಕಾಲ ಕಾಪಾಡಿಕೊಂಡು ಬಂದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಹಲಗೆಯೊಂದು ಕೊಳೆತರೆ ತೆಗೆದು ಹೊಸದನ್ನು ಕೂಡಿಸುತ್ತಿದ್ದರು. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೇ? ತತ್ವಜ್ಞಾನಿಗಳ ನಡುವೆ ಇಂದಿಗೂ ಮುಗಿಯದ ಚರ್ಚೆ ಇದು.

ಹಾಸನ ಜಿಲ್ಲೆಗೆ ಸಮುದ್ರವಿಲ್ಲ, ಹಡಗಿಲ್ಲ, ತೇರಿದೆ. ಮರದ ತೇರಿಗೂ ಅದೇ ಗತಿ. ಅಚ್ಚು ಸವೆಯುತ್ತದೆ, ಗಾಲಿ ಬಿರುಕು ಬಿಡುತ್ತದೆ, ಬಡಗಿ ಸರಿಮಾಡುತ್ತಾನೆ. ಜನರ ಪಾಲಿಗೆ ಅದು ಹಳೆಯ ತೇರೇ. ಬೇಲೂರಿನ ಚೆನ್ನಕೇಶವ ದೇವಾಲಯವೂ ಹೀಗೆಯೇ ಉಳಿದುಬಂದದ್ದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ. ಮುಂದೆ ಮುಸ್ಲಿಂ ಸೇನಾನಿಯೊಬ್ಬನ ದಾಳಿಯಲ್ಲಿ ಮಹಾದ್ವಾರ ಸುಟ್ಟುಹೋಯಿತು. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಗೋಪುರ ಕಟ್ಟಿಸಿದ. ಗರ್ಭಗುಡಿಯ ಮೇಲಿನ ಶಿಖರವನ್ನು 19ನೇ ಶತಮಾನದಲ್ಲಿ ಇಳಿಸಲಾಯಿತು. ಇಷ್ಟೆಲ್ಲ ಬದಲಾದರೂ ಬೇಲೂರು ಬೇಲೂರೇ; 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಹಾಗಾದರೆ ಉಳಿಸುವುದೆಂದರೆ ಏನನ್ನು? ಈ ಊರಿನ ರಥೋತ್ಸವದಲ್ಲಿ ತೇರಿನ ಮುಂದೆ ಖಾಜಿಯವರು ಕುರ್‌ಆನ್ ಪಠಿಸುವ ವಾಡಿಕೆ ಬೆಳೆದುಬಂದಿತ್ತು. 1932ರ ದೇವಾಲಯದ ಮ್ಯಾನ್ಯುಯಲ್‌ನಲ್ಲೂ ಅದರ ಉಲ್ಲೇಖವಿದೆ. 2022ರಲ್ಲಿ ಆಕ್ಷೇಪಗಳೆದ್ದರೂ ಮುಜರಾಯಿ ಇಲಾಖೆಯ ಒಪ್ಪಿಗೆಯಿಂದ ಪಠಣ ನಡೆಯಿತು. 2023ರಲ್ಲಿ ಅದು ತೇರಿನ ಮುಂದಿನಿಂದ ದೇವಾಲಯದ ಮೆಟ್ಟಿಲ ಬಳಿಗೆ ಸರಿಯಿತು. ಕೆಲವೇ ಹೆಜ್ಜೆಗಳ ಅಂತರ. ಆದರೆ ಹಲಗೆ ತೆಗೆಯುವವರು ಯಾವಾಗಲೂ ಹೇಳುವುದು ಅದನ್ನೇ: ಒಂದೇ ಹಲಗೆಯಲ್ಲವೇ?

ಹಳೆಯದೆಂಬ ಕಾರಣಕ್ಕೇ ಎಲ್ಲವನ್ನೂ ಉಳಿಸಬೇಕೆಂದು ನಾನು ವಾದಿಸುವುದಿಲ್ಲ. ಅಸ್ಪೃಶ್ಯತೆಯೂ ಹಳೆಯದೇ. ಆಚರಣೆಯ ವಯಸ್ಸು ಅದಕ್ಕೆ ಸಮರ್ಥನೆಯಾಗಲಾರದು. ಕೇಳಬೇಕಾದ ಪ್ರಶ್ನೆ ಬೇರೆ: ಈ ಹಲಗೆ ಒಬ್ಬನಿಗೆ ಕೂರಲು ಜಾಗ ಕೊಡುತ್ತದೆಯೋ, ಒಬ್ಬನನ್ನು ನೀರಿಗೆ ತಳ್ಳುತ್ತದೆಯೋ? ಮೊದಲನೆಯದಾದರೆ ಉಳಿಸಿ, ಎರಡನೆಯದಾದರೆ ಕಿತ್ತುಹಾಕಿ. ದೇವಾಲಯದ ಮುಂದೆ ಕುರ್‌ಆನ್ ಪಠಣವೇಕೆಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಅವರೂ ಈ ಪ್ರಶ್ನೆಗೆ ಉತ್ತರಿಸಬೇಕು. ಶುದ್ಧಿಯ ಹೆಸರಿನಲ್ಲಿ ಎರಡೂ ಕಡೆಯವರು ಒಂದೊಂದೇ ಹಲಗೆ ಕಿತ್ತರೆ ಮುಳುಗುವುದು ಒಂದೇ ಹಡಗು.

ಪ್ರವಾದಿ ನೂಹರ ಹಡಗನ್ನು ಕುರ್‌ಆನ್ ಒಂದೆಡೆ ಹಲಗೆ, ಮೊಳೆಗಳದ್ದೆಂದಷ್ಟೇ ಬಣ್ಣಿಸುತ್ತದೆ. ಆ ಹಡಗು ದೊಡ್ಡದಾದದ್ದು ಅದರ ಮರದಿಂದಲ್ಲ, ಅದು ದಡ ಸೇರಿಸಿದ ಜೀವಗಳಿಂದ. ನಮ್ಮ ತೇರಿಗೆ ಹೊಸ ಗಾಲಿ ಮಾಡುವ ಬಡಗಿ ಸಿಕ್ಕಾನು. ಅದರ ಹಗ್ಗಕ್ಕೆ ಒಟ್ಟಾಗಿ ಕೈ ಹಚ್ಚುವ ನೆರೆಹೊರೆಯನ್ನು ಕಳೆದುಕೊಂಡರೆ ಯಾವ ಬಡಗಿ ಮಾಡಿಕೊಟ್ಟಾನು?